ಸ್ನಾನದ ನೀರಿಗೂ ಬಾಣಂತಿ ಕೋಣೆಗೂ ಇದ್ದಿಲು: ಲೆಕ್ಕ ಹಾಕುವುದು ಹೇಗೆ, ಉರಿಸುವುದು ಎಲ್ಲಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಜನಕ್ಕೆ ಮನೆ ಬಿಸಿ ಮಾಡುವ ಮಾತೇ ಹೊಸದು ಅನ್ನಿಸಬಹುದು. ವರ್ಷದ ಬಹುಪಾಲು ನಾವು ನೆರಳು ಹುಡುಕಿಕೊಂಡು ಓಡಾಡುವವರು. ಆದರೂ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ತಾಪಮಾನ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಆಗ ಹಂಡೆ ತುಂಬ ಬಿಸಿನೀರು ಬೇಕು. ಮನೆಯಲ್ಲಿ ಬಾಣಂತಿ ಇದ್ದರೆ ಕೋಣೆ ಬೆಚ್ಚಗಿರಬೇಕು. ಸಿಲಿಂಡರ್ ಬೆಲೆ ನೋಡಿ ಎಷ್ಟೋ ಮನೆಯವರು ಈ ಎರಡು ಕೆಲಸಕ್ಕೆ ಮತ್ತೆ ಇದ್ದಿಲು, ಕಟ್ಟಿಗೆ ಕಡೆ ತಿರುಗಿದ್ದಾರೆ. ಕೆಲವರು ಕಲ್ಲಿದ್ದಲು ಸಿಗುತ್ತಾ ಅಂತಲೂ ವಿಚಾರಿಸುತ್ತಾರೆ.

ಅಂಥವರಿಗಾಗಿ ಈ ಲೇಖನ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸ್ನಾನದ ನೀರಿಗೆ ಇದ್ದಿಲು, ಕಟ್ಟಿಗೆ ಉರಿಸಿ, ತಪ್ಪಿಲ್ಲ. ಆದರೆ ಉಳಿತಾಯ ಆಗಬೇಕಾದರೆ ಒಲೆ ಸರಿ ಇರಬೇಕು. ಕೋಣೆ ಬಿಸಿ ಮಾಡಲು ಮಾತ್ರ ಕೆಂಡ ಒಳಗೆ ತರಲೇಬೇಡಿ. ಬೆಂಕಿ ಹೊರಗೆ ಇರಲಿ, ಬಿಸಿ ಒಳಗೆ ಬರಲಿ.

ಮೊದಲು ಲೆಕ್ಕ

ಕೆಜಿಗೆ ಎಷ್ಟು ರೂಪಾಯಿ ಅಂತ ನೋಡಿದರೆ ಇದ್ದಿಲು ಅಗ್ಗ ಅನ್ನಿಸುತ್ತದೆ. ಆದರೆ ನಾವು ಕೊಳ್ಳುವುದು ಬಿಸಿಯನ್ನು, ತೂಕವನ್ನಲ್ಲ. ಹಾಗಾಗಿ ಒಂದು ದಿನದ ಬಿಸಿನೀರಿಗೆ ಎಷ್ಟು ಖರ್ಚಾಗುತ್ತದೆ ಅಂತ ನೋಡಬೇಕು.

ನಾಲ್ಕು ಜನರ ಮನೆಗೆ 60 ಲೀಟರ್ ನೀರು ಅಂತ ಇಟ್ಟುಕೊಳ್ಳೋಣ. ಬೆಳಿಗ್ಗೆ ನೀರು 22 ಡಿಗ್ರಿ ಇದೆ, ಅದನ್ನು 45 ಡಿಗ್ರಿಗೆ ಏರಿಸಬೇಕು. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಒಂದು ಕಿಲೋಕ್ಯಾಲರಿ ಬೇಕು. 60 ಲೀಟರನ್ನು 23 ಡಿಗ್ರಿ ಏರಿಸಲು ಹತ್ತಿರ ಹತ್ತಿರ 1400 ಕಿಲೋಕ್ಯಾಲರಿ.

ಈಗ ಗ್ಯಾಸ್ ನೋಡಿ. ಒಂದು ಕೆಜಿ ಗ್ಯಾಸ್‌ನಲ್ಲಿ ಸುಮಾರು 11,000 ಕಿಲೋಕ್ಯಾಲರಿ ಇರುತ್ತದೆ. ಮನೆಯ ಸ್ಟೌ ಮೇಲೆ ಕಾಯಿಸಿದರೆ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನೀರಿಗೆ ಸೇರುತ್ತದೆ, 6000 ಅನ್ನೋಣ. ದಿನಕ್ಕೆ ಕಾಲು ಕೆಜಿಗಿಂತ ಸ್ವಲ್ಪ ಕಡಿಮೆ ಖರ್ಚು. 14.2 ಕೆಜಿ ಸಿಲಿಂಡರ್ ಬರೀ ಸ್ನಾನದ ನೀರಿಗೆ ಬಳಸಿದರೆ ಎರಡು ತಿಂಗಳು ಬರುತ್ತದೆ.

ಒಳ್ಳೆ ಇದ್ದಿಲಿನಲ್ಲಿ ಕೆಜಿಗೆ ಸುಮಾರು 7000 ಕಿಲೋಕ್ಯಾಲರಿ. ಆದರೆ ಮೂರು ಕಲ್ಲಿನ ಒಲೆ ಅಥವಾ ತೆರೆದ ಅಗ್ಗಿಷ್ಟಿಕೆ ಮೇಲೆ ಹಂಡೆ ಇಟ್ಟರೆ ಅದರಲ್ಲಿ ಕಾಲು ಭಾಗ ನೀರಿಗೆ ಹೋದರೆ ಹೆಚ್ಚು. ಉಳಿದದ್ದೆಲ್ಲ ಗಾಳಿಪಾಲು. ಹೀಗೆ ದಿನಕ್ಕೆ 800 ಗ್ರಾಂ ಬೇಕು. ಎರಡು ತಿಂಗಳಿಗೆ ಸುಮಾರು 50 ಕೆಜಿ.

ಇಲ್ಲಿಂದ ಒಂದು ಸುಲಭದ ಲೆಕ್ಕ ಸಿಗುತ್ತದೆ. ನಿಮ್ಮೂರಿನ ಸಿಲಿಂಡರ್ ಬೆಲೆಯನ್ನು 50ರಿಂದ ಭಾಗಿಸಿ. ಸಿಲಿಂಡರ್ 900 ರೂಪಾಯಿ ಅಂತಾದರೆ 18 ಬರುತ್ತದೆ. ಇದ್ದಿಲು ಕೆಜಿಗೆ 18 ರೂಪಾಯಿಗಿಂತ ಕಡಿಮೆಗೆ ಸಿಕ್ಕರೆ ಮಾತ್ರ ತೆರೆದ ಒಲೆಯಲ್ಲಿ ಲಾಭ. ಅದಕ್ಕಿಂತ ಜಾಸ್ತಿ ಕೊಟ್ಟು ತಂದರೆ ಹೊಗೆಯೂ ನಿಮ್ಮದೇ, ನಷ್ಟವೂ ನಿಮ್ಮದೇ.

ಅದೇ ಇದ್ದಿಲನ್ನು ಸುತ್ತಲೂ ನೀರು ನಿಲ್ಲುವ, ನಡುವೆ ಹೊಗೆ ಕೊಳವೆ ಇರುವ ಬಾಯ್ಲರ್‌ನಲ್ಲಿ ಉರಿಸಿದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಬಿಸಿಯಲ್ಲಿ ಹತ್ತಿರ ಅರ್ಧ ನೀರಿಗೇ ಹೋಗುತ್ತದೆ. ದಿನಕ್ಕೆ 450 ಗ್ರಾಂ ಸಾಕು, ಎರಡು ತಿಂಗಳಿಗೆ 27 ಕೆಜಿ. ಆಗ ಕೆಜಿಗೆ 33 ರೂಪಾಯಿ ಕೊಟ್ಟರೂ ಗ್ಯಾಸ್‌ಗೆ ಸಮ. ಕಟ್ಟಿಗೆಗೂ ಇದೇ ಮಾತು. ತೆರೆದ ಒಲೆಯಲ್ಲಿ ದಿನಕ್ಕೆ ಎರಡು ಕೆಜಿ ಒಣ ಕಟ್ಟಿಗೆ ಬೇಕಾದರೆ, ಒಳ್ಳೆ ಒಲೆಯಲ್ಲಿ ಒಂದು ಕೆಜಿ ಸಾಕು. ಅದಕ್ಕೇ ಹೇಳುವುದು: ಮೊದಲ ದುಡ್ಡು ಒಲೆಗೆ ಹಾಕಿ, ಇದ್ದಿಲಿನ ಚೀಲ ಆಮೇಲೆ ತನ್ನಿ.

ಕರೆಂಟ್ ಕಡೆಗೂ ಒಮ್ಮೆ ನೋಡಿ. ಒಂದು ಯೂನಿಟ್ ಎಂದರೆ 860 ಕಿಲೋಕ್ಯಾಲರಿ. ವಾಟರ್ ಹೀಟರ್ ರಾಡ್ ಹಾಕಿದರೆ ಬಹುತೇಕ ಎಲ್ಲವೂ ನೀರಿಗೇ ಸೇರುತ್ತದೆ. ದಿನಕ್ಕೆ ಒಂದೂ ಮುಕ್ಕಾಲು ಯೂನಿಟ್, ತಿಂಗಳಿಗೆ 50 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಯೂನಿಟ್ ಒಳಗೇ ಇದು ಹೊಂದಿಕೊಂಡರೆ ಇದ್ದಿಲಿನ ತಂಟೆಯೇ ಬೇಡ. ಆದರೆ ನಿಗದಿಗಿಂತ ಹೆಚ್ಚಾದ ಯೂನಿಟ್‌ಗೆ ದುಡ್ಡು ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮ ತಲೆಗೇ ಬರುತ್ತದೆ. ಜೆಸ್ಕಾಂ ಬಿಲ್ ಕೈಯಲ್ಲಿ ಹಿಡಿದು, ಹೋದ ಚಳಿಗಾಲದ ಯೂನಿಟ್ ಎಷ್ಟಿತ್ತು ನೋಡಿ, ಅದಕ್ಕೆ 50 ಕೂಡಿಸಿ. ಎರಡೇ ನಿಮಿಷದ ಕೆಲಸ.

ಇನ್ನೊಂದು ದಾರಿ ನಮ್ಮ ಊರುಗಳಲ್ಲಿ ಸುಮ್ನೆ ಬಿದ್ದಿದೆ: ಬಿಸಿಲು. ಹೊಲ, ಕ್ವಾರಿ, ಕಟ್ಟಡದ ಕೆಲಸ ಮುಗಿಸಿ ಸಂಜೆ ಸ್ನಾನ ಮಾಡುವವರು ಬೆಳಿಗ್ಗೆಯೇ ಕೊಡಗಳನ್ನು ಮಾಳಿಗೆ ಮೇಲೆ ಬಿಸಿಲಿಗೆ ಇಡಿ. ಕಪ್ಪು ಬಣ್ಣದವಾದರೆ ಇನ್ನೂ ಒಳ್ಳೆಯದು. ಹೊತ್ತು ಇಳಿಯುವ ಮುಂಚೆ ಇಳಿಸಿ. ನೀರು 22ರ ಬದಲು 32 ಡಿಗ್ರಿಯಿಂದ ಶುರುವಾದರೆ ಹತ್ತಿರ ಅರ್ಧ ಇಂಧನ ಉಳಿಯುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದು, ಸ್ವಂತ ಮನೆ ಇದ್ದರೆ ಸೋಲಾರ್ ಹೀಟರ್‌ಗಿಂತ ಒಳ್ಳೆ ಉಪಾಯ ಇಲ್ಲ.

ಯಾವ ಇಂಧನ

ಕಲ್ಲಿದ್ದಲಿನ ವಿಚಾರ ಮೊದಲು ಮುಗಿಸೋಣ. ಶಕ್ತಿನಗರ, ಯರಮರಸ್, ಕುಡಿತಿನಿ ವಿದ್ಯುತ್ ಸ್ಥಾವರಗಳಿಗೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೂ ರೈಲುಗಟ್ಟಲೆ ಕಲ್ಲಿದ್ದಲು ಬರುತ್ತದೆ. ಕಣ್ಣೆದುರೇ ಹೋಗುವುದರಿಂದ ಆಸೆ ಹುಟ್ಟುವುದು ಸಹಜ. ಮನೆಗೆ ಅದು ಬೇಡ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೇ ಜಾಸ್ತಿ. ಹತ್ತು ಕೆಜಿ ಉರಿಸಿದರೆ ಮೂರು ನಾಲ್ಕು ಕೆಜಿ ಬೂದಿ ಎತ್ತಿ ಹಾಕಬೇಕು. ಹೊಗೆಯಲ್ಲಿ ಗಂಧಕ ಇರುತ್ತದೆ, ಮೂಗು ಗಂಟಲು ಉರಿಯುತ್ತದೆ. ಮನೆಯೊಳಗೆ ಕಲ್ಲಿದ್ದಲು ಉರಿಸಿದಾಗ ಬರುವ ಹೊಗೆ ಕ್ಯಾನ್ಸರ್ ತರುತ್ತದೆ ಅನ್ನುವುದು ಖಚಿತವಾಗಿದೆ. ಮನೆಯಲ್ಲಿ ಸಂಸ್ಕರಿಸದ ಕಲ್ಲಿದ್ದಲು ಬಳಸಲೇಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಹಳಿ ಪಕ್ಕ ಬಿದ್ದದ್ದನ್ನು ಆರಿಸಿ ತರುವುದು ಕಾನೂನಿನ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ ಹಳಿ ಮೇಲೆ ಜೀವ ಹೋಗುತ್ತದೆ. ಮಕ್ಕಳನ್ನಂತೂ ಕಳಿಸಲೇಬೇಡಿ.

ನಮ್ಮ ಕಡೆ ಸಿಗುವ ಒಳ್ಳೆ ಇಂಧನ ಎಂದರೆ ಜಾಲಿ. ಕೆರೆ ಅಂಗಳ, ರಸ್ತೆ ಬದಿ, ಬೀಳು ಭೂಮಿ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಅದರ ಕಟ್ಟಿಗೆ ಗಟ್ಟಿ, ಇದ್ದಿಲೂ ತೂಕವಾಗಿರುತ್ತದೆ. ಕೆಂಡ ಬೇಗ ಆರುವುದಿಲ್ಲ. ಆದರೆ ಒಂದು ಕೆಜಿ ಇದ್ದಿಲು ಆಗಲು ಭಟ್ಟಿಯಲ್ಲಿ ನಾಲ್ಕೈದು ಕೆಜಿ ಕಟ್ಟಿಗೆ ಸುಡಬೇಕು. ನಿಮ್ಮ ಹೊಲದ ಬದುವಿನಲ್ಲೇ ಜಾಲಿ ಇದ್ದರೆ ಅದನ್ನು ಇದ್ದಿಲು ಮಾಡುವ ಗೋಜಿಗೆ ಹೋಗಬೇಡಿ. ಕಡಿದು ಎರಡು ತಿಂಗಳು ಒಣಗಿಸಿ, ಕಟ್ಟಿಗೆಯಾಗಿಯೇ ಬಾಯ್ಲರ್‌ಗೆ ಹಾಕಿ. ಮೀಸಲು ಅರಣ್ಯದ ಕಡೆಯಿಂದ ಮಾತ್ರ ಒಂದು ಕಡ್ಡಿಯನ್ನೂ ತರಬೇಡಿ.

ಹತ್ತಿ, ತೊಗರಿ ಬೆಳೆಯುವವರ ಮನೆಯಲ್ಲಿ ಕಟ್ಟಿಗೆಗೆ ಬರ ಇಲ್ಲ. ಹತ್ತಿ ಕಟ್ಟಿಗೆ ಮನೆಗೆ ತರುವ ಮುಂಚೆ ಅದರಲ್ಲಿ ಉಳಿದಿರುವ ಅರೆಬಿರಿದ ಕಾಯಿಗಳನ್ನು ಹೊಲದಲ್ಲೇ ಬಿಡಿಸಿ ಸುಟ್ಟುಬಿಡಿ. ಗುಲಾಬಿ ಕಾಯಿಕೊರಕ ಆ ಕಾಯಿಗಳಲ್ಲೇ ಅಡಗಿ ಮುಂದಿನ ಬೆಳೆಗೆ ಬರುತ್ತದೆ. ಬಣವೆಯನ್ನೂ ಹೊಲದ ಪಕ್ಕ ಒಟ್ಟಬೇಡಿ. ಕಾಯಿ ಉಳಿದಿರುವ ಮೆಣಸಿನ ಗಿಡ ಒಲೆಗೆ ಬೇಡವೇ ಬೇಡ, ಓಣಿ ತುಂಬ ಕೆಮ್ಮುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯವರಿಗೆ ರೈಸ್ ಮಿಲ್ಲಿನ ಭತ್ತದ ಹೊಟ್ಟು ಸಿಗುತ್ತದೆ. ಆದರೆ ಮಾಮೂಲಿ ಒಲೆಯಲ್ಲಿ ಹೊಟ್ಟು ಉರಿಯುವುದಿಲ್ಲ, ಹೊಗೆಯಾಡುತ್ತದೆ. ಅದಕ್ಕೆ ಹೊಟ್ಟಿನ ಒಲೆಯೇ ಬೇಕು.

ಇದ್ದಿಲು ಕೊಳ್ಳುವಾಗ

ಎಲ್ಲಿ ಸಿಗುತ್ತದೆ ಅಂತ ಗೊತ್ತಿಲ್ಲದಿದ್ದರೆ ನಿಮ್ಮ ಓಣಿಯ ಇಸ್ತ್ರಿ ಅಂಗಡಿಯವರನ್ನು ಕೇಳಿ. ಇದ್ದಿಲಿನ ಇಸ್ತ್ರಿಪೆಟ್ಟಿಗೆ ಬಳಸುವವರಿಗೆ ಒಳ್ಳೆ ಮಾಲು ಯಾರ ಹತ್ತಿರ ಇದೆ ಅನ್ನುವುದು ಗೊತ್ತಿರುತ್ತದೆ.

ಚೀಲದ ಬಾಯಿಯಲ್ಲಿ ಇರುವುದನ್ನು ನೋಡಿ ಒಪ್ಪಬೇಡಿ. ಕೈ ಒಳಗೆ ಹಾಕಿ ನಡುವಿನಿಂದ ಒಂದು ತುಂಡು ತೆಗೆಯಿರಿ. ಎರಡು ತುಂಡು ಒಂದಕ್ಕೊಂದು ತಾಗಿಸಿದರೆ ಠಣ್ ಅನ್ನಬೇಕು. ಮಂಕು ಸದ್ದು ಬಂದರೆ ತೇವ ಇದೆ ಎಂದು ಅರ್ಥ. ಆಮೇಲೆ ಮುರಿಯಿರಿ. ಮುರಿದ ಜಾಗ ಕಪ್ಪಾಗಿ ಹೊಳೆಯಬೇಕು. ಒಳಗೆ ಕಂದು ಬಣ್ಣ ಕಂಡರೆ ಅದು ಪೂರ್ತಿ ಬೆಂದಿಲ್ಲ, ಉರಿಸಿದಾಗ ಹೊಗೆ ಕೊಡುತ್ತದೆ. ಚೀಲದ ತಳ ಎತ್ತಿ ಹಿಡಿದು ನೋಡಿ. ಅಲ್ಲಿ ತಣ್ಣಗೆ, ಒದ್ದೆಯಾಗಿ ಕೈಗೆ ಹತ್ತಿದರೆ ತೂಕಕ್ಕಾಗಿ ನೀರು ಚಿಮುಕಿಸಿದ್ದಾರೆ. ಅಂಥ ಚೀಲ ಬಿಟ್ಟುಬಿಡಿ, ಇಲ್ಲವೇ ದರ ಇಳಿಸಲು ಹೇಳಿ.

ಯಾವ ಚೀಲದಲ್ಲೂ ಒಂದಿಷ್ಟು ಪುಡಿ ಇದ್ದೇ ಇರುತ್ತದೆ. ಚೆಲ್ಲಬೇಡಿ. ಹತ್ತು ಬಟ್ಟಲು ಪುಡಿಗೆ ಒಂದು ಬಟ್ಟಲು ಗಟ್ಟಿ ಗಂಜಿ ಸೇರಿಸಿ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಬಿಸಿಲಿಗೆ ಹಾಕಿ. ನಮ್ಮ ಬಿಸಿಲಿಗೆ ನಾಲ್ಕೈದು ದಿನದಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತವೆ. ಕೆಂಡ ಆದ ಮೇಲೆ ಇವನ್ನು ಮೇಲೆ ಹಾಕಿದರೆ ನಿಧಾನಕ್ಕೆ ಉರಿಯುತ್ತವೆ.

ಚೀಲ ಇಡುವ ಜಾಗ ಒಣಗಿರಲಿ. ಸಿಲಿಂಡರ್, ಗೊಬ್ಬರದ ಚೀಲ, ಮೇವಿನ ಪಕ್ಕ ಬೇಡ.

ಒಲೆ ಎಲ್ಲಿ, ಹೇಗೆ

ಬಾಯ್ಲರ್ ಇಡುವ ಜಾಗದಲ್ಲೇ ಅರ್ಧ ಸುರಕ್ಷತೆ ಇದೆ. ಬಚ್ಚಲ ಒಳಗೆ ಬೇಡ. ಹಿತ್ತಲಲ್ಲಿ, ಮೇಲೆ ತಗಡು ಇದ್ದು ಕನಿಷ್ಠ ಎರಡು ಕಡೆ ತೆರೆದಿರುವ ಜಾಗದಲ್ಲಿ ಇಡಿ. ಅಲ್ಲಿಂದ ನೀರು ಪೈಪ್‌ನಲ್ಲಿ ಬಚ್ಚಲಿಗೆ ಬರಲಿ, ಇಲ್ಲವೇ ಬಕೆಟ್‌ನಲ್ಲಿ ಹೊತ್ತು ತನ್ನಿ. ಹಳೆ ಕಾಲದ ಹಾಗೆ ಬಚ್ಚಲ ಗೋಡೆಯಲ್ಲೇ ಹಂಡೆ ಹೂಳಿಸಿದ್ದರೆ ಒಲೆಯ ಬಾಯಿ ಹೊರಗಡೆಗೆ ಇರಬೇಕು. ಹಂಡೆ ಮತ್ತು ಗೋಡೆ ನಡುವಿನ ಸಂದಿಯನ್ನು ಮಣ್ಣಿನಿಂದ ಪೂರ್ತಿ ಮೆತ್ತಿ. ಆ ಸಂದಿಯಿಂದಲೇ ಹೊಗೆ ಬಚ್ಚಲಿಗೆ ನುಸುಳುತ್ತದೆ.

ಹೊಗೆ ಕೊಳವೆ ನಾಲ್ಕು ಇಂಚಿಗಿಂತ ಸಣ್ಣದು ಬೇಡ. ಮಾಳಿಗೆಗಿಂತ ಎರಡು ಮೂರು ಅಡಿ ಮೇಲೆ ಹೋಗಬೇಕು. ಮೇಲೆ ತಗಡಿನ ಟೋಪಿ ಇರಲಿ. ತಿಂಗಳಿಗೊಮ್ಮೆ ತಣ್ಣಗಿರುವಾಗ ಉದ್ದ ಕೋಲಿಗೆ ಚಿಂದಿ ಕಟ್ಟಿ ಒಳಗೆ ಆಡಿಸಿ. ಕಾಡಿಗೆ ಕಟ್ಟಿದರೆ ಹೊಗೆ ಹಿಂದಕ್ಕೆ ಬರುತ್ತದೆ.

ಬಾಯ್ಲರ್ ಕೊಳ್ಳಲು ಆಗದಿದ್ದರೆ ಇರುವ ಒಲೆಯನ್ನೇ ಸುಧಾರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆ ನಿಮಗೆ ನೆನಪಿರಬಹುದು. ಅದರ ಗುಟ್ಟು ದೊಡ್ಡದೇನಲ್ಲ. ಕಟ್ಟಿಗೆ ಕೆಳಗೆ ಕಬ್ಬಿಣದ ಜಾಲರಿ ಇರುತ್ತದೆ, ಅಡಿಯಿಂದ ಗಾಳಿ ಬರುತ್ತದೆ. ಪಾತ್ರೆ ಒಲೆಯೊಳಗೆ ಇಳಿದು ಕೂರುತ್ತದೆ, ಉರಿ ಪಾತ್ರೆಯ ಮೈ ಸವರಿಕೊಂಡೇ ಹೊರಗೆ ಹೋಗುತ್ತದೆ. ನಿಮ್ಮ ಹಂಡೆ ಒಲೆಗೂ ಇದನ್ನೇ ಮಾಡಿ. ಜಾಲರಿ ಹಾಕಿ. ಹಂಡೆಯನ್ನು ಅರ್ಧದಷ್ಟು ಒಳಗೆ ಇಳಿಸಿ, ಸುತ್ತ ಎರಡು ಬೆರಳು ಸಂದಿ ಬಿಟ್ಟು ಇಟ್ಟಿಗೆ ಮಣ್ಣಿನ ಗೋಡೆ ಕಟ್ಟಿ. ಹಂಡೆ ಮೇಲೆ ಮುಚ್ಚಳ ಕಡ್ಡಾಯ. ಮುಚ್ಚಳ ಇಲ್ಲದೆ ನೀರು ಕಾಯಿಸುವ ಮನೆ ಈಗಲೂ ಎಷ್ಟೋ ಇವೆ. ಹಳೆ ತಟ್ಟೆ ಮುಚ್ಚಿದರೂ ಸಾಕು, ಆ ದಿನದಿಂದಲೇ ಕಟ್ಟಿಗೆ ಉಳಿಯುತ್ತದೆ.

ಹೊತ್ತಿಸುವುದು

ಅಗ್ಗಿಷ್ಟಿಕೆಯ ಜಾಲರಿ ಕೆಳಗಿನ ಬೂದಿ ತೆಗೆಯಿರಿ. ಗಾಳಿ ಕಿಂಡಿ ಬಿಚ್ಚಿರಲಿ. ಜಾಲರಿ ಮೇಲೆ ಒಣ ತೆಂಗಿನ ನಾರು ಇಲ್ಲವೇ ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಹಾಕಿ ಹೊತ್ತಿಸಿ. ಅದರ ಮೇಲೆ ಸಣ್ಣ ಇದ್ದಿಲು, ಅದು ಹಿಡಿದ ಮೇಲೆ ದಪ್ಪನೆಯದು. ಎರಡೂ ತುದಿ ತೆಗೆದ ಎಣ್ಣೆ ಡಬ್ಬಿಯನ್ನು ಮೇಲೆ ನಿಲ್ಲಿಸಿದರೆ ಗಾಳಿ ಜಗ್ಗಿಕೊಂಡು ಬೇಗ ಹತ್ತುತ್ತದೆ, ಊದುವ ಕೆಲಸ ಇಲ್ಲ. ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್ ಮುಟ್ಟಬೇಡಿ. ಆರಿದಂತೆ ಕಾಣುವ ಕೆಂಡಕ್ಕೆ ಪೆಟ್ರೋಲ್ ಸುರಿದರೆ ಉರಿ ಡಬ್ಬಿಗೇ ಹತ್ತುತ್ತದೆ. ಸೀರೆ ಸೆರಗು, ವೇಲ್ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸ ಮಾಡಿ. ಇದ್ದಿಲಿನ ಮೇಲೆ ತೆಳ್ಳಗೆ ಬೂದಿ ಬಣ್ಣ ಬಂದಾಗ ಹಂಡೆ ಇಡಬಹುದು.

ಕೆಲಸ ಮುಗಿದ ಮೇಲೆ ಉಳಿದ ಕೆಂಡವನ್ನು ಇಕ್ಕಳದಿಂದ ಮುಚ್ಚಳ ಇರುವ ಕಬ್ಬಿಣದ ಡಬ್ಬಿಗೆ ಹಾಕಿ ಮುಚ್ಚಿ. ಗಾಳಿ ಇಲ್ಲದೆ ಆರುತ್ತದೆ, ನಾಳೆಗೆ ಇದ್ದಿಲು ಉಳಿಯುತ್ತದೆ. ಡಬ್ಬಿ ಹೊರಗೇ ಇರಲಿ.

ಬೂದಿ ವಿಷಯದಲ್ಲಿ ಅವಸರ ಬೇಡ. ಮೇಲೆ ತಣ್ಣಗೆ ಕಂಡರೂ ಒಳಗೆ ಕಡಲೆಕಾಳಿನಷ್ಟು ಕೆಂಡ ಮರುದಿನದವರೆಗೂ ಇರುತ್ತದೆ. ಅದನ್ನು ತಿಪ್ಪೆಗೆ ಎಸೆದರೆ, ಗಾಳಿ ಎದ್ದಾಗ ಪಕ್ಕದ ಬಣವೆಗೆ ಬೆಂಕಿ. ವರ್ಷದ ಮೇವು ಒಂದು ಗಳಿಗೆಯಲ್ಲಿ ಹೋಗುತ್ತದೆ. ಬೂದಿಗೆ ನೀರು ಹಾಕಿ, ಕೋಲಿನಿಂದ ಕಲಸಿ, ಒಂದು ದಿನ ಬಿಟ್ಟು ಎಸೆಯಿರಿ.

ಬಾಣಂತಿ ಕೋಣೆ

ಇಲ್ಲಿ ನಿಮ್ಮ ಪೂರ್ತಿ ಗಮನ ಬೇಕು. ಮಂಚದ ಕೆಳಗೆ ಕೆಂಡ ಇಡುವುದು, ಬಾಗಿಲು ಕಿಟಕಿ ಮುಚ್ಚಿ ಬೆಚ್ಚಗೆ ಮಾಡುವುದು ನಮ್ಮಲ್ಲಿ ಹಳೆ ಪದ್ಧತಿ. ಹಳೆ ಮಾಳಿಗೆ ಮನೆಗಳಲ್ಲಿ ಮೇಲೆ ಬೆಳಕಿಂಡಿ ಇರುತ್ತಿತ್ತು, ಬಾಗಿಲಿನ ಸಂದಿಗಳಿಂದಲೂ ಗಾಳಿ ಆಡುತ್ತಿತ್ತು. ಈಗಿನದು ಆರ್‌ಸಿಸಿ ಮನೆ. ಗಾಜಿನ ಕಿಟಕಿ, ಬಿಗಿಯಾದ ಬಾಗಿಲು, ಮೇಲೆ ಕಿಂಡಿ ಇಲ್ಲ.

ಇದ್ದಿಲು ಉರಿಯುವಾಗ ಹೊಗೆ ಕಾಣುವುದಿಲ್ಲ. ಆದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಕೂರುತ್ತದೆ, ಆಮ್ಲಜನಕಕ್ಕಿಂತ 200 ಪಟ್ಟು ಬಿಗಿಯಾಗಿ. ಮಲಗಿದವರಿಗೆ ಏನೂ ತಿಳಿಯುವುದಿಲ್ಲ, ನಿದ್ದೆ ಇನ್ನೂ ಗಾಢವಾಗುತ್ತದೆ ಅಷ್ಟೇ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿ ಸತ್ತವರ ಸುದ್ದಿ ಪ್ರತಿ ವರ್ಷ ದೇಶದ ಒಂದಲ್ಲ ಒಂದು ಕಡೆಯಿಂದ ಬರುತ್ತದೆ. ಕೆಂಡದ ಮೇಲೆ ಬೂದಿ ಮುಚ್ಚಿದರೆ ಸುರಕ್ಷಿತ ಅಂತ ಬಹಳ ಜನ ನಂಬಿದ್ದಾರೆ. ಅದು ಉಲ್ಟಾ. ಗಾಳಿ ಕಡಿಮೆಯಾದಷ್ಟೂ ಈ ವಿಷ ಜಾಸ್ತಿ ಹುಟ್ಟುತ್ತದೆ.

ಹಾಗಾದರೆ ಕೋಣೆ ಬೆಚ್ಚಗೆ ಮಾಡುವುದು ಹೇಗೆ? ಬೆಂಕಿ ಹಿತ್ತಲಲ್ಲಿ ಇರಲಿ. ಅದರ ಮೇಲೆ ನಾಲ್ಕು ಒಣ ಇಟ್ಟಿಗೆ ಕಾಯಿಸಿ. ಹೊಳೆಯಿಂದ ತಂದ ಕಲ್ಲು ಬೇಡ, ಒಳಗೆ ನೀರಿದ್ದರೆ ಸಿಡಿಯುತ್ತದೆ. ಕಾದ ಇಟ್ಟಿಗೆಯನ್ನು ಇಕ್ಕಳದಿಂದ ಕಬ್ಬಿಣದ ಬುಟ್ಟಿಗೆ ಹಾಕಿ ಒಳಗೆ ತಂದು ಮಂಚದ ಕೆಳಗೆ ಬರೀ ನೆಲದ ಮೇಲೆ ಇಡಿ. ಹಾಸಿಗೆ ಅಂಚು, ಸೀರೆ ತಾಗಬಾರದು. ತಣ್ಣಗಾದರೆ ಬದಲಿಸಿ. ಬಾಣಂತಿ ಕಾಲಿಗೆ ಬಿಸಿನೀರಿನ ಚೀಲ ಬಟ್ಟೆಯಲ್ಲಿ ಸುತ್ತಿ ಕೊಡಿ. ಕೂಸಿನ ಹತ್ತಿರ ಮಾತ್ರ ಬಿಸಿ ಚೀಲ, ಬಿಸಿ ಇಟ್ಟಿಗೆ ಏನೂ ಬೇಡ, ಎಳೆ ಚರ್ಮ ಸುಟ್ಟೀತು. ಕೂಸಿಗೆ ತಾಯಿಯ ಮೈಯೇ ಬಿಸಿ. ತಲೆಗೆ ಕುಲಾವಿ ಹಾಕಿ, ಬರಿ ಮೈಯನ್ನು ತಾಯಿಯ ಎದೆಗೆ ಒರಗಿಸಿ ಮೇಲೆ ಕಂಬಳಿ ಹೊದಿಸಿದರೆ ಸಾಕು. ಆಸ್ಪತ್ರೆಗಳಲ್ಲೂ ಕಡಿಮೆ ತೂಕದ ಕೂಸುಗಳಿಗೆ ಇದನ್ನೇ ಮಾಡಿಸುತ್ತಾರೆ. ಲೋಬಾನದ ಹೊಗೆಯೂ ಕೂಸಿನ ಹತ್ತಿರ ಬೇಡ.

ಮನೆಯ ಹಿರಿಯರು ಒಪ್ಪದೇ ಇರಬಹುದು. ಜಗಳ ಆಡಬೇಡಿ. "ಯಮ್ಮಾ, ಕೆಂಡ ಹಿತ್ತಲದಾಗ ಇರ್ಲಿ, ನಾ ಇಟಗಿ ಕಾಸಿ ತಂದು ಕೊಡ್ತೀನಿ, ಬೆಚ್ಚಗ ಆಗತೈತೋ ಇಲ್ಲೋ ನೀನ ನೋಡು" ಅನ್ನಿ. ಅವರಿಗೆ ಬೇಕಾಗಿರುವುದು ಮಗಳು, ಮೊಮ್ಮಗು ಬೆಚ್ಚಗಿರುವುದು ತಾನೆ.

ತಲೆನೋವು ಬಂದರೆ

ಕೆಂಡ ಇದ್ದ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಬಂದರೆ ಅದು ಊಟದ ದೋಷ ಅಂತ ಕೂರಬೇಡಿ. ಬಾಗಿಲು ಕಿಟಕಿ ತೆಗೆಯಿರಿ. ಎಲ್ಲರನ್ನೂ ಬಯಲಿಗೆ ಕರೆತನ್ನಿ, ಎದ್ದೇಳಲು ಆಗದವರನ್ನು ಎಳೆದಾದರೂ ತನ್ನಿ. ನೀವು ಒಳಗೆ ಹೋಗುವಾಗ ಉಸಿರು ಹಿಡಿದು, ಬೇಗ ಹೊರಗೆ ಬನ್ನಿ. ಅಗ್ಗಿಷ್ಟಿಕೆ ಆಮೇಲೆ ತೆಗೆದರಾಯಿತು, ಮೊದಲು ಮನುಷ್ಯರು. 108ಕ್ಕೆ ಫೋನ್ ಮಾಡಿ. ಗರ್ಭಿಣಿ, ಕೂಸು ಇದ್ದರೆ ಆರಾಮಾಯಿತು ಅನ್ನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು.

ಅಲ್ಲಿ ವೈದ್ಯರಿಗೆ ಮೊದಲ ಮಾತಿನಲ್ಲೇ "ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದ್ದೆವು" ಅಂತ ಹೇಳಿ. ನಾಚಿಕೆಗೆ ಮುಚ್ಚಿಡಬೇಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ವಿಷವನ್ನು ಗುರುತಿಸುವುದಿಲ್ಲ. ಅದು 98 ತೋರಿಸುತ್ತಿರುವಾಗಲೇ ರೋಗಿಯ ಮೈಗೆ ಆಮ್ಲಜನಕ ಸಾಲದೆ ಇರಬಹುದು. ನೀವು ಹೇಳಿದರೆ ಅವರು ಆ ನಂಬರ್ ನಂಬದೆ ತಕ್ಷಣ ಆಮ್ಲಜನಕ ಕೊಡಲು ಶುರು ಮಾಡುತ್ತಾರೆ.